ಹುಲಿಗೆವ್ವನನ್ನು ಓಣಿಗೆ ಮುಟ್ಟಿಸಿದ್ದು

ಬೆಳಗಿನ ಬಸ್ಸಿಗೆ ಕೊಪ್ಪಳ ಬಿಟ್ಟೆವು. ನಾನು, ಎರಡೂ ಕಣ್ಣು ಕಾಣದ ಮುದುಕಿ ಹುಲಿಗೆವ್ವ, ಅವಳ ಕೌದಿಯ ಗಂಟು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮೆಟ್ರಿಕ್ ಪಾಸಾದ ನನಗೆ ದಿಕ್ಕಿಲ್ಲದವರಿಗೆ ನೆರವಾಗುವ ಸರ್ಕಾರಿ ಕೆಲಸವಿತ್ತು.

ಕೆಲವು ತಿಂಗಳ ಹಿಂದೆ ಇದೇ ದಾರಿಯಲ್ಲಿ ಅವಳನ್ನು ಕರೆತಂದವನೂ ನಾನೇ. ಕುಷ್ಟಗಿ ಆಚೆಯ ಅವಳ ಊರಿನಲ್ಲಿ ಓಣಿಯವರು ದಿನಕ್ಕೊಂದು ಮನೆಯಂತೆ ಪಾಳಿ ಹಿಡಿದು ಅವಳಿಗೆ ಊಟ ಕೊಡುತ್ತಿದ್ದರು. ನನಗೆ ಅದು ಭಿಕ್ಷೆ ಎನಿಸಿತು. ಕಣ್ಣು ತೋರಿಸಿಕೊಂಡು ಬರೋಣ ಎಂದು ಸುಳ್ಳು ಹೇಳಿ, ಕರೆತಂದು ವೃದ್ಧರ ಆಶ್ರಮದಲ್ಲಿ ಬಿಟ್ಟೆ. ಒಳ್ಳೆಯದು ಮಾಡಿದೆನೆಂದು ಅಂದು ಹೊಟ್ಟೆ ತುಂಬ ಉಂಡೆ. ಈ ವಯಸ್ಸಿನಲ್ಲಿ ಅದು ನೆನಪಾದರೆ ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ಆಶ್ರಮದಲ್ಲಿ ಅವಳು ಊಟ ಬಿಡುತ್ತ ಬಂದಳು. ತಟ್ಟೆ ಇಟ್ಟಾಗೆಲ್ಲ ಯಾರ ಮನೆಯದು ಎಂದು ಕೇಳುತ್ತಿದ್ದಳಂತೆ. ಸರ್ಕಾರದ್ದು ಎಂದು ಒಮ್ಮೆ ನಾನೇ ಹೇಳಿದೆ.

“ಸರ್ಕಾರದ ಮನ್ಯಾಗ ತೊಟ್ಲ ಐತೇನೋ ತಮ್ಮಾ? ಓಣ್ಯಾಗ ಕೂಸು ತೂಗಿ ಉಣ್ತಿದ್ನಿ. ಇಲ್ಲಿ ಬರೇ ಹ್ಯಾಂಗ ಉಣ್ಲಿ?”

ಅದಕ್ಕೇ ಈಗ ಅವಳನ್ನು ಊರಿಗೆ ಮರಳಿ ಬಿಡಲು ಹೊರಟಿದ್ದೆ. ಹಿಟ್ನಾಳ ಕ್ರಾಸಿನಲ್ಲಿ ಇಳಿದು ಕುಷ್ಟಗಿ ಬಸ್ಸಿಗೆ ಕಾದೆವು. ಬಿಸಿಲು ಏರಿತ್ತು. ಮಿರ್ಚಿ ಬಜ್ಜಿ, ಮಂಡಕ್ಕಿ ಕೊಡಿಸಿದರೆ ಮಿರ್ಚಿ ತಿಂದು ಮಂಡಕ್ಕಿಯನ್ನು ಓಣಿಯ ಹುಡುಗರಿಗೆಂದು ಸೆರಗಿಗೆ ಕಟ್ಟಿಕೊಂಡಳು. ಅವಳಿಗಿದ್ದ ಅಂಜಿಕೆ ಒಂದೇ: ಬಿಟ್ಟುಹೋದವಳನ್ನು ಓಣಿ ಮತ್ತೆ ಪಾಳಿಗೆ ಹಿಡಿದೀತೇ? ತಪ್ಪು ನನ್ನದು, ನಾನೇ ಹೇಳುತ್ತೇನೆ ಎಂದೆ. ಅವಳು ನನ್ನ ಮೊಣಕೈ ಬಿಡಲಿಲ್ಲ.

ಕುಷ್ಟಗಿಯಿಂದ ಇನ್ನೊಂದು ಬಸ್ಸು. ಎರಡೂ ಕಡೆ ಕೊಯ್ದ ಸಜ್ಜೆಯ ಹೊಲ, ಮೈತುಂಬ ಧೂಳು. ಊರು ಮುಟ್ಟಿದಾಗ ಹೊತ್ತು ವಾಲಿತ್ತು.

ಓಣಿಯ ಮೊದಲ ಮನೆಯ ಶಾಂತವ್ವ ಎಳೆಗೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ನನ್ನ ಸುಳ್ಳನ್ನೆಲ್ಲ ಒಪ್ಪಿಕೊಂಡು ಕೈಮುಗಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

“ಕಣ್ಣು ಬಂದ್ವೇನಬೇ ಯಮ್ಮಾ?” ಎಂದು ಮುದುಕಿಯನ್ನು ಕೇಳಿದಳು.

“ಬಂದಿದ್ರ ಮೊದ್ಲ ನಿನ್ನ ಮಾರಿ ನೋಡಬೇಕಾಗ್ತಿತ್ತು. ದೇವ್ರು ದೊಡ್ಡಾಂವ.”

ಶಾಂತವ್ವ ನಕ್ಕಳು. ನಗುನಗುತ್ತಲೇ ಕಣ್ಣೊರೆಸಿಕೊಂಡಳು. ನೀರು ಕೊಡುವ ಮೊದಲೇ ಮುದುಕಿಯನ್ನು ಕೂರಿಸಿ ಕೂಸನ್ನು ಮಡಿಲಿಗೆ ಹಾಕಿ, “ಇವತ್ತ ನಮ್ಮ ಪಾಳಿ” ಎಂದಳು. ಹುಲಿಗೆವ್ವ ಕೂಸಿನ ನೆತ್ತಿಯನ್ನು ಮೂಸುತ್ತ ಬಹಳ ಹೊತ್ತು ಕುಳಿತಳು.

ನನಗೂ ಸಜ್ಜೆ ರೊಟ್ಟಿ, ಪುಂಡಿಪಲ್ಯ ಬಂತು. ಕೆಲಸಕ್ಕೆ ಹೋದ ಊರಲ್ಲಿ ಯಾರ ಮನೆಯಲ್ಲೂ ಉಣ್ಣಬಾರದೆಂದು ನಮ್ಮ ಕಚೇರಿಯ ನಿಯಮ. ಅಂದು ಉಂಡೆ. ಕೈ ತೊಳೆದು ಬಸ್ಸಿಗೆಂದು ಎದ್ದಾಗ ಶಾಂತವ್ವ ಒಳಗಿನ ತೊಟ್ಟಿಲು ತೋರಿಸಿದಳು.

“ಉಂಡು ಹಂಗ ಹೊಂಟ್ರೇನ್ರಿ ಸಾಹೇಬ್ರ? ಯಮ್ಮ ದಣದಾಳ. ಇವತ್ತ ಹಗ್ಗ ನೀವು ಹಿಡೀರಿ.”

ಕುಳಿತು ತೂಗಿದೆ. ಪಕ್ಕದಲ್ಲಿ ಕೌದಿ ಹಾಸಿ ಮಲಗಿದ ಹುಲಿಗೆವ್ವ, ಸಾವಕಾಶ ತೂಗಬೇಕೆಂದು ಎರಡು ಸಲ ತಿದ್ದಿದಳು. ಆಮೇಲೆ ಅವಳಿಗೆ ನಿದ್ದೆ ಹತ್ತಿತು. ಕೂಸಿಗೂ ಕಣ್ಣು ಹತ್ತುತ್ತಿತ್ತು. ಊರ ಮುಂದೆ ಕುಷ್ಟಗಿಗೆ ಹೋಗುವ ಕೊನೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ನಾನು ಹಗ್ಗ ಬಿಡಲಿಲ್ಲ.