ಒಂದು ಬೆರಳಿನ ಜಾಗ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಗಾರೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವುದು ಅವನ ಕೆಲಸ. ನೆಲಮಹಡಿಯ ಕೊನೆಯ ಕೋಣೆ. ಎತ್ತರದ ಒಂದು ಮಂಚ, ಉಗುರುಬೆಚ್ಚಗಿನ ನೀರಿನ ಬಕೆಟ್ಟು, ಹತ್ತಿಯ ಸುರುಳಿಗಳು, ಗೋಡೆಯ ಮೇಲೆ ಎಷ್ಟು ಒರೆಸಿದರೂ ಹೋಗದ ಬಿಳಿ ಹನಿಗಳು. ಡಾಕ್ಟರು ಮೂಳೆ ಕೂರಿಸಿದ ಮೇಲೆ ಉಳಿದದ್ದು ಅವನದು. ಮೊದಲು ಹತ್ತಿ, ಆಮೇಲೆ ಒದ್ದೆ ಪಟ್ಟಿ, ಸುತ್ತಿನ ಮೇಲೆ ಸುತ್ತು. ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗಬಾರದು. ಆದರೆ ಬಾವು ಬಂದೀತೆಂದು ಒಳಗೆ ತುಸು ಜಾಗ ಬಿಟ್ಟಿರಬೇಕು. ಪ್ಲಾಸ್ಟರಿನ ಅಂಚಿನಲ್ಲಿ ಕಿರುಬೆರಳು ಸಲೀಸಾಗಿ ಹೋದರೆ ಮಾತ್ರ ಅವನಿಗೆ ಸಮಾಧಾನ. ಎಲ್ಲೋ ಯಾರೋ ಬಿಗಿಯಾಗಿ ಹಾಕಿ ಕಳಿಸಿದ್ದ ಪ್ಲಾಸ್ಟರನ್ನು ಹಿಂದೊಮ್ಮೆ ಕತ್ತರಿಸಿ ತೆಗೆದಾಗ ಒಳಗಿದ್ದ ಕೈಯ ಬಣ್ಣ ನೋಡಿದ್ದ. ಅಂದಿನಿಂದ ಬಿಗಿ ಎಂಬ ಮಾತೇ ಅವನಿಗೆ ಆಗಿಬರುತ್ತಿರಲಿಲ್ಲ.

ಇಂಥ ಕೆಲಸದವನಿಗೆ ಊರೆಲ್ಲ ಅಪಾಯವಾಗಿ ಕಾಣುವುದು ಸಹಜ. ಒದ್ದೆ ಮೆಟ್ಟಿಲು ಕಂಡರೆ ಮಣಿಕಟ್ಟು ನೆನಪಾಗುತ್ತಿತ್ತು, ಮರ ಹತ್ತುವ ಮಕ್ಕಳನ್ನು ಕಂಡರೆ ಮೊಣಕೈ. "ಇವನು ಜನರನ್ನ ನೋಡಲ್ಲ, ಎಕ್ಸ್-ರೇ ನೋಡ್ತಾನೆ" ಎಂದು ಅಕ್ಕ ಬಂದವರೆದುರು ಹೇಳಿ ನಗುತ್ತಿದ್ದಳು. ಭಾವನದು ಹಡಗಿನ ಕೆಲಸ, ಮನೆಗೆ ಬರುವುದು ಅಪರೂಪ. ಅಕ್ಕನಿಗೆ ಬೇಕರಿಯಲ್ಲಿ ನಸುಕಿನ ಪಾಳಿ. ಹಾಗಾಗಿ ಅಕ್ಕನ ಮಗಳನ್ನು ಏಳಿಸಿ, ತಲೆ ಬಾಚಿ, ಶಾಲೆಗೆ ಅಟ್ಟುವುದು ಚಿಕ್ಕಂದಿನಿಂದಲೂ ಮೇಸ್ತ್ರಿಯ ಪಾಲಿಗೇ ಬಂದಿತ್ತು. ಉದ್ದ ಕಾಲು, ಕೂತಲ್ಲಿ ಕೂರದ ಸ್ವಭಾವ. ಅವನೇ ಅವಳಿಗೆ ಮಿಡತೆ ಎಂದು ಹೆಸರಿಟ್ಟಿದ್ದ.

ಹನ್ನೆರಡು ತುಂಬಿದ ಮಿಡತೆ ಒಂದು ಸಂಜೆ ಬಾಗಿಲಲ್ಲೇ ಚೀಲ ಎಸೆದು ಕೂಗಿದಳು: "ಮಾವ, ನನ್ನನ್ನ ಕ್ಯಾಚರ್ ಮಾಡಿದಾರೆ!"

ಸಾಫ್ಟ್‌ಬಾಲ್ ಆಟದಲ್ಲಿ ಕ್ಯಾಚರ್ ಎಂದರೆ ಬ್ಯಾಟು ಹಿಡಿದವಳ ಹಿಂದೆಯೇ ಕುಕ್ಕರಗಾಲಿನಲ್ಲಿ ಕೂತು, ಎಸೆದ ಪ್ರತಿ ಚೆಂಡನ್ನೂ ಹಿಡಿಯಬೇಕಾದವಳು. ಬ್ಯಾಟಿಗೆ ಸವರಿದ ಚೆಂಡು ಎತ್ತ ತಿರುಗುತ್ತದೆಂದು ಯಾರೂ ಹೇಳಲಾರರು.

"ಸಾಫ್ಟ್ ಅಂತ ಹೆಸರಲ್ಲೇ ಇದೆಯಲ್ಲೋ, ಅದಕ್ಯಾಕೆ ಮುಖ ಹಾಗೆ ಮಾಡ್ತೀಯ?" ಎಂದಳು ಅಕ್ಕ.

ಮೇಸ್ತ್ರಿ ಅವಳ ಚೀಲದಲ್ಲಿದ್ದ ಚೆಂಡನ್ನು ತೆಗೆದು ಮೇಜಿಗೆ ಕುಟ್ಟಿ ತೋರಿಸಿದ. ಲೋಟಗಳು ಅದುರಿದವು. "ಹೆಸರಿಟ್ಟವನಿಗೆ ಇದು ಒಂದ್ಸಲಾನೂ ತಾಗಿಲ್ಲ ಅಕ್ಕ."

ಭಾನುವಾರ ಅವಳ ಮೊದಲ ಪಂದ್ಯ. ಶಾಲೆಯಲ್ಲಿದ್ದ ಕವಚಗಳು ದೊಡ್ಡ ಹುಡುಗಿಯರವು. ಕ್ಯಾಚರ್ ಆಗುವವಳು ತನ್ನ ಅಳತೆಯವನ್ನು ತಾನೇ ತರಬೇಕು, ಮೈಗೆ ಹೊಂದದಿದ್ದರೆ ಆಡಿಸುವುದಿಲ್ಲ ಎಂದು ಕೋಚ್ ಮೇಡಂ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. "ನೀನೇ ಹೋಗಿ ಕೊಡಿಸು, ಮೈಯಳತೆ ನಿನಗಲ್ಲದೆ ಇನ್ಯಾರಿಗೆ ಗೊತ್ತು" ಎಂದಳು ಅಕ್ಕ.

ಆಟದ ಸಾಮಾನಿನ ಅಂಗಡಿಯ ಯಜಮಾನರು ಮೂಗಿನ ತುದಿಯ ಕನ್ನಡಕದವರು. ಮೊಣಕಾಲಿನಿಂದ ಪಾದದ ಗಂಟಿನವರೆಗೆ ಟೇಪು ಹಿಡಿದರು, ತಲೆಯ ಸುತ್ತ ಹಿಡಿದರು, ಕೊರಳಿನ ಗುಳಿಯಿಂದ ಹೊಕ್ಕುಳವರೆಗೆ ಹಿಡಿದರು. ಮುಖಕ್ಕೆ ಜಾಲರಿಯಿರುವ ಹೆಲ್ಮೆಟ್ಟು, ಗಲ್ಲದ ಕೆಳಗೆ ಇಳಿಬಿದ್ದ ಕೊರಳಿನ ತಡೆ, ಎದೆಯ ಪ್ಯಾಡು, ಕಾಲಿನ ಪ್ಯಾಡು, ಎಲ್ಲವನ್ನೂ ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದರು. ಮೇಸ್ತ್ರಿ ಎದೆಯ ಪ್ಯಾಡಿನ ಅಂಚಿಗೆ ಕಿರುಬೆರಳು ತೂರಿಸಿದ. ಹೋಗಲಿಲ್ಲ.

"ಬಿಗಿ ಆಯ್ತು ಯಜಮಾನ್ರೇ."

"ಇದು ಮೈಗೆ ಅಂಟಿಕೊಂಡೇ ಇರ್ಬೇಕು ಸಾರ್. ಒಂದ್ಸಲ ಕೂರಿಸಿ ನೋಡೋಣ, ಆಮೇಲೆ..."

"ಬೇಡ. ಮುಂದಿನ ಸೈಜು ತೋರಿಸಿ. ಸರಿಯಾಗಿದೆಯೇನೇ ಮಿಡತೆ?"

ಚಿಕ್ಕದಕ್ಕೆ "ಸರಿಯಾಗಿದೆ ಮಾವ" ಎಂದಿದ್ದ ಮಿಡತೆ ದೊಡ್ಡದಕ್ಕೂ "ಸರಿಯಾಗಿದೆ ಮಾವ" ಎಂದಳು. ಯಜಮಾನರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, "ಎಲ್ಲಾ ಗಿರಾಕಿಗಳೂ ಹೀಗೇ ಇದ್ದಿದ್ರೆ ನಾನೀಗ ಮೂರು ಅಂಗಡಿ ಇಡ್ತಿದ್ದೆ" ಎಂದರು. ಮೇಸ್ತ್ರಿಯ ಲಕ್ಷ್ಯ ಅತ್ತ ಇರಲಿಲ್ಲ. ಅವನ ಬೆರಳು ಸಲೀಸಾಗಿ ಒಳಗೆ ಹೋಗಿತ್ತು.

ಮನೆಗೆ ಬಂದ ಮೇಲೆ ಹೊಸ ಚಿಂತೆ ಹತ್ತಿತು. ಇಷ್ಟು ಜಾಗವಿದ್ದರೆ ಪ್ಯಾಡು ಜಾರುವುದಿಲ್ಲವೇ? ದಿಂಬಿನ ಅಂಗಡಿಗೆ ಹೋಗಿ ಸ್ಪಂಜು ತಂದ. ಮೊಣಕಾಲಿನ ಮೇಲೆ ಒಂದು ಪದರ, ಕೆಳಗೆ ಒಂದು ಪದರ, ಹೆಲ್ಮೆಟ್ಟಿನ ಹಿಂಭಾಗಕ್ಕೆ ಇನ್ನೊಂದು, ಭುಜದ ಕೆಳಗೆ ಮತ್ತೊಂದು. ಪ್ಲಾಸ್ಟರಿಗೆ ಹತ್ತಿ ಸುತ್ತುವ ಅದೇ ಕೈಚಳಕ. ಎಲ್ಲೂ ಗಂಟಿಲ್ಲ, ಎಲ್ಲೂ ಸುಕ್ಕಿಲ್ಲ.

ಅಕ್ಕ ಬಾಗಿಲಿಗೆ ಒರಗಿ ನೋಡಿದಳು. "ಮಗೂನ ಆಟಕ್ಕೆ ಕಳಿಸ್ತಿದ್ದೀಯೋ, ಪಾರ್ಸೆಲ್ ಮಾಡಿ ನಿಮ್ಮ ಭಾವನಿಗೆ ಕಳಿಸ್ತಿದ್ದೀಯೋ?"

"ಸುಮ್ನಿರು ಅಕ್ಕ. ಮಿಡತೆ, ಹೇಗಿದೆ?"

"ಚೆನ್ನಾಗಿದೆ ಮಾವ."

ಶನಿವಾರ ಬೆಳಿಗ್ಗೆ ಅಭ್ಯಾಸ. ಮೇಸ್ತ್ರಿ ರಜೆ ಹಾಕಿ ತಂತಿಬೇಲಿಯ ಹೊರಗೆ ನಿಂತ. ಎಲ್ಲರೂ ಓಡಿಬರುವಾಗ ಮಿಡತೆ ಬಾತುಕೋಳಿಯ ಹಾಗೆ ಬಂದಳು. ಕೂರುವುದಕ್ಕೆ ಹೋದರೆ ಮೊಣಕಾಲು ಅರ್ಧ ಮಡಚಿ ನಿಂತಿತು. ಇನ್ನಷ್ಟು ಬಗ್ಗಿದಳು, ಎದೆಯ ಪ್ಯಾಡು ಮೇಲೇರಿ ಕೊರಳಿನ ತಡೆಯನ್ನು ನೂಕಿತು, ಅದು ಹೆಲ್ಮೆಟ್ಟನ್ನು ಹಿಂದಕ್ಕೆ ಎತ್ತಿತು, ಮುಖದ ಜಾಲರಿ ಆಕಾಶ ನೋಡತೊಡಗಿತು. ಮೇಸ್ತ್ರಿಯ ಕೈ ತಂತಿಯನ್ನು ಬಿಗಿಯಾಗಿ ಹಿಡಿಯಿತು. ಚೆಂಡು ಬಂತು. ನೆಲಕ್ಕೆ ತಾಗಿ ಪುಟಿಯಿತು. ಮಿಡತೆಯ ಗ್ಲೌಸು ಮಾತ್ರ ಎಲ್ಲೋ ಗಾಳಿಯಲ್ಲಿತ್ತು.

ಪೆಟ್ಟು ಬಿದ್ದದ್ದು ಬಲತೋಳಿಗೆ, ಪ್ಯಾಡು ಇಲ್ಲದ ಕಡೆ.

ಅವನು ಗೇಟು ದಾಟಿದ್ದೇ ಅವನಿಗೆ ನೆನಪಿಲ್ಲ. ಹೆಬ್ಬೆರಳಿನಿಂದ ಮೂಳೆಯುದ್ದಕ್ಕೂ ಒತ್ತುತ್ತಾ ಹೋದ, ಕಣ್ಣು ಅವಳ ಮುಖದ ಮೇಲೆಯೇ. "ಬೆರಳು ಆಡಿಸು. ಮುಷ್ಟಿ ಹಿಡಿ. ಬಿಡು." ಮೂಳೆಗೆ ಏನೂ ಆಗಿರಲಿಲ್ಲ. ಚರ್ಮ ಕೆಂಪಗೆ ಊದುತ್ತಿತ್ತು, ಅಷ್ಟೆ.

"ಚೆಂಡು ನೋಡ್ಲಿಲ್ವೇನೇ?"

"ಕಾಣ್ಲಿಲ್ಲ ಮಾವ."

"ಕಾಣಲ್ಲ ಅಂತ ನಿನ್ನೆ ಯಾಕೆ ಹೇಳ್ಲಿಲ್ಲ?"

ಮಿಡತೆ ನೆಲ ನೋಡಿದಳು. "ಹೇಳಿದ್ರೆ ನೀನು ಆಟಾನೇ ಬೇಡ ಅಂತಿದ್ದೆ."

ಆಟವೇ ಬೇಡ ಎಂಬ ಮಾತು ಆ ಕ್ಷಣಕ್ಕೂ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅವನು ಅದನ್ನು ನುಂಗಿಕೊಂಡ.

ಅಷ್ಟರಲ್ಲಿ ಕೋಚ್ ಮೇಡಂ ಬಂದರು. ಹೆಲ್ಮೆಟ್ಟು ಅಲ್ಲಾಡಿಸಿದರು, ಸ್ಪಂಜು ಹಿಸುಕಿದರು. "ನೋಡಿ, ಇದರಲ್ಲಿ ನಾಳೆ ಇವಳನ್ನ ಕೂರಿಸಲ್ಲ. ಬೇರೆ ಹುಡುಗೀನ ಕೂರಿಸ್ತೀನಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಿಡತೆಯ ಕೆಳತುಟಿ ಒಳಗೆ ಸೇರಿತು. ಪೆಟ್ಟಿಗೆ ಬಾರದ ಕಣ್ಣೀರು ಈಗ ಬಂತು.

ಮೇಸ್ತ್ರಿ ಮಣ್ಣಿನಲ್ಲೇ ಮಂಡಿಯೂರಿ ಅವಳ ಕಾಲನ್ನು ಮಡಚಲು ನೋಡಿದ. ಮಡಚಲಿಲ್ಲ. ಮೇಲೆ ತಡೆ, ಕೆಳಗೆ ತಡೆ, ನಡುವೆ ಕೀಲು ಸ್ತಬ್ಧ. ಇದಕ್ಕಿಂತ ಅಚ್ಚುಕಟ್ಟಾದ ಪ್ಲಾಸ್ಟರನ್ನು ಅವನು ಆಸ್ಪತ್ರೆಯಲ್ಲೂ ಹಾಕಿರಲಿಲ್ಲ. ಮುರಿಯದ ಕಾಲಿಗೆ ಮುರಿಯುವ ಮೊದಲೇ ಹಾಕಿಬಿಟ್ಟಿದ್ದ.

"ಬೇರೆ ತಂದ್ರೆ ಮೇಡಂ?"

"ತನ್ನಿ. ನಾಳೆ ಬೆಳಿಗ್ಗೆ ಕೂರಿಸಿ ನೋಡ್ತೀನಿ. ಮಾತು ಕೊಡಲ್ಲ."

ಅಂಗಡಿಯ ಯಜಮಾನರು ಮಣ್ಣು ಮೆತ್ತಿದ ಪ್ಯಾಡುಗಳನ್ನು ಕಂಡು ಮುಖ ಸಿಂಡರಿಸಿದರು. ಒಳಗಿಂದ ಒಂದೊಂದಾಗಿ ಸ್ಪಂಜು ಹೊರಬರುವುದನ್ನು ನೋಡಿ, "ಇದೇನ್ ಸಾರ್, ಹಾಸಿಗೆ ಮಾಡೋಕೆ ಹೊರಟಿದ್ರಾ?" ಎಂದರು. ಆದರೆ ಮೊದಲು ತೋರಿಸಿದ್ದ ಸೈಜನ್ನು ಮಾತಿಲ್ಲದೆ ಕೆಳಗಿಳಿಸಿದರು.

ಈ ಸಲ ಮೇಸ್ತ್ರಿ ಕನ್ನಡಿಯ ಹತ್ತಿರ ಸುಳಿಯಲಿಲ್ಲ. ಅವಳನ್ನು ಅಂಗಡಿಯ ನಡುವೆ ಕುಕ್ಕರಗಾಲಿನಲ್ಲಿ ಕೂರಿಸಿ, ಎದುರಿಗೆ ತಾನೂ ಕೂತ. ಸರಿಯಾಗಿದೆಯಾ ಎಂದು ಕೇಳಲಿಲ್ಲ. ಪ್ಲಾಸ್ಟರ್ ಕೋಣೆಯಲ್ಲೂ ಅವನು ನೋವಿದೆಯೇ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಮನೆಗೆ ಹೋಗುವ ಆಸೆಗೆ ಎಲ್ಲರೂ ಇಲ್ಲ ಎನ್ನುತ್ತಿದ್ದರು. ಬೆರಳು ಆಡಿಸಿ ಎನ್ನುತ್ತಿದ್ದ. ಮನೆಯ ಮಗುವಿನ ವಿಷಯದಲ್ಲಿ ಅದು ಹೇಗೆ ಮರೆತುಹೋಯಿತೋ.

"ತಲೆ ಬಗ್ಗಿಸದೆ ಹೇಳು, ನನ್ನ ಬೂಟಿನ ಬಣ್ಣ ಏನು?"

"ಕಂದು. ಎಡಗಾಲಿಂದು ಹರಿದಿದೆ."

"ತಲೆ ಜೋರಾಗಿ ಆಡಿಸು." ಹೆಲ್ಮೆಟ್ಟು ತಲೆಯ ಜೊತೆಗೇ ತಿರುಗಿತು. ಜಾಲರಿಯ ಎರಡು ಸರಳುಗಳ ನಡುವೆ ಎರಡೂ ಕಣ್ಣು ನೇರವಾಗಿ ಕಂಡವು. ಎದೆಯ ಪ್ಯಾಡು ಕೊರಳೆಲುಬನ್ನು ಮುಚ್ಚಿತ್ತು, ಗಲ್ಲಕ್ಕೆ ತಾಗಿರಲಿಲ್ಲ. ಮೊಣಕಾಲಿನ ಚಿಪ್ಪು ಮಡಚಿದಾಗಲೂ ಪ್ಯಾಡಿನ ಬಟ್ಟಲಿನೊಳಗೇ ಇತ್ತು. ಅವನು ಬೂಟು ಬಿಚ್ಚಿ, ಕಾಲುಚೀಲ ಕಳಚಿ, ಉಂಡೆ ಮಾಡಿ, ನೆಲಕ್ಕೆ ತಾಗಿ ಬರುವಂತೆ ಎಸೆದ. ಮಿಡತೆ ಎರಡೂ ಮಂಡಿ ನೆಲಕ್ಕೆ ಬಿಟ್ಟು ಎದೆಯಿಂದ ಅದನ್ನು ತಡೆದಳು.

"ಥೂ, ವಾಸನೆ!"

ಆಮೇಲೆ ಏನೋ ಹೇಳಲೋ ಬೇಡವೋ ಎಂಬಂತೆ ಅವನನ್ನೇ ನೋಡಿದಳು. "ಮಾವ... ಬಲಗಾಲಿನ ಒಳಗಡೆ ಬಕಲ್ ಚುಚ್ಚುತ್ತೆ."

ಯಜಮಾನರು ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡರು. ಎಡಗಾಲಿನದನ್ನು ಬಲಗಾಲಿಗೆ ಹಾಕಿದ್ದರು. ಬಕಲ್ ಹೊರಗಡೆ ಇರಬೇಕಿತ್ತು. ಮೇಸ್ತ್ರಿ ಅದಲು ಬದಲು ಮಾಡುತ್ತಾ, "ಇನ್ನೇನು ಚುಚ್ಚುತ್ತೆ? ಹೇಳೇ. ಆಟ ಬೇಡ ಅನ್ನಲ್ಲ. ಹೇಳದಿದ್ರೆ ಅಂತೀನಿ" ಎಂದ.

ಭಾನುವಾರ ಕೋಚ್ ಮೇಡಂ ಅವಳನ್ನು ಕೂರಿಸಿ, ಏಳಿಸಿ, ಮತ್ತೆ ಕೂರಿಸಿ, ತೋಳಿನ ಕಂದಿದ ಜಾಗ ಮುಟ್ಟಿ ನೋಡಿ, ಕಡೆಗೆ ತಲೆಯಾಡಿಸಿದರು. ಬೇಲಿಯ ಹೊರಗೆ ಅಕ್ಕ ಬೇಕರಿಯ ಬನ್ನು ತಿನ್ನುತ್ತಾ ಕೂತಿದ್ದಳು. ಮೇಸ್ತ್ರಿಯ ಪಾಲಿನ ಬನ್ನು ಅವನ ಕೈಯಲ್ಲೇ ಪುಡಿಯಾಗಿತ್ತು. ಪ್ರತಿ ಎಸೆತಕ್ಕೂ ಅವನ ಮಂಡಿ ತಾನಾಗಿ ಕೂಡಿಕೊಳ್ಳುತ್ತಿತ್ತು.

ಒಂದು ಚೆಂಡು ಬ್ಯಾಟಿಗೆ ಸವರಿ ದಿಕ್ಕು ತಪ್ಪಿತು. ಥಪ್ ಎಂಬ ಸದ್ದು ಬೇಲಿಯವರೆಗೂ ಕೇಳಿಸಿತು. ಅವನು ಎದ್ದು ನಿಂತ. ಮಿಡತೆ ಎದೆಯ ಪ್ಯಾಡನ್ನು ಮುಟ್ಟಿಯೂ ನೋಡಲಿಲ್ಲ. ಕಾಲಬುಡದಲ್ಲಿ ಬಿದ್ದ ಚೆಂಡನ್ನು ಹೆಕ್ಕಿ ವಾಪಸು ಎಸೆದಳು.

"ಕೂತ್ಕೊಳ್ಳೋ, ಹಿಂದಿನವರಿಗೆ ಕಾಣಲ್ಲ" ಎಂದಳು ಅಕ್ಕ. ಅವನು ಕೂರಲಿಲ್ಲ.

ಸರದಿ ಬದಲಾಗುವಾಗ ಮಿಡತೆ ಸೀದಾ ಬೇಲಿಯ ಹತ್ತಿರ ಓಡಿಬಂದಳು. ಬೆವರಿದ ಮುಖ, ದೊಡ್ಡ ದನಿ. "ಮಾವ, ಎಡಗಾಲಿನ ಕೆಳಗಿನ ಪಟ್ಟಿ ಸಡಿಲ ಆಗಿದೆ. ಜಾರ್ತಾ ಇದೆ."

ತಂತಿಯ ಕೆಳಗಿನ ಸಂದಿನಿಂದ ಕೈ ತೂರಿಸಿ ಅವನು ಪಟ್ಟಿಯನ್ನು ಎಳೆದ. ಅಭ್ಯಾಸಬಲದಿಂದ ಕಿರುಬೆರಳು ಅದರ ಕೆಳಗೆ ಹೋಗಲು ನೋಡಿತು.

"ಇನ್ನೂ ಸ್ವಲ್ಪ ಬಿಗಿ ಮಾವ."

ಅವನು ಬೆರಳು ತೆಗೆದು, ಇನ್ನೂ ಸ್ವಲ್ಪ ಬಿಗಿ ಮಾಡಿದ.