ಹೊಗೆಸೊಪ್ಪಿನ ಶೆಡ್ಡಿಗೆ ಬಂದ ಹಾಯಿದೋಣಿ

ನನ್ನ ಗಂಡ ಮೀಸೆ ಚಿಗುರುವ ವಯಸ್ಸಿನಲ್ಲೇ ನೌಕಾಪಡೆ ಸೇರಿದವರು. ಮದುವೆಯಾದಾಗ ಹಡಗಿನಲ್ಲಿದ್ದರು, ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುತ್ತಿದ್ದರು. ಆ ವರ್ಷಗಳನ್ನು ನಾನು ರಾವಂದೂರಿನ ಹತ್ತಿರದ ಅವರ ಊರಿನಲ್ಲಿ, ಅತ್ತೆಯ ಪಕ್ಕದಲ್ಲಿ ಕೂತು ಹೊಗೆಸೊಪ್ಪು ಕಟ್ಟುತ್ತಾ ಕಳೆದೆ. ನೌಕಾಪಡೆ ಬಿಟ್ಟ ಮೇಲೆ ಅವರಿಗೆ ಮೈಸೂರಿನ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತು, ಸಂಸಾರ ಅಲ್ಲಿಗೆ ಹೋಯಿತು. ಅಲ್ಲಿದ್ದಷ್ಟು ಕಾಲವೂ ಅವರು ಸಮುದ್ರದ ಮಾತೆತ್ತಿದ್ದು ಕಡಿಮೆ. ನಿವೃತ್ತರಾಗಿ ಊರಿಗೆ ಮರಳಿದ ಮರುವರ್ಷ ಒಮ್ಮೆ ಮಂಗಳೂರಿಗೆ ಹೋಗಿಬಂದರು. ಊಟಕ್ಕೆ ಕೂತಾಗ, "ಒಂದು ಹಾಯಿದೋಣಿ ತಗೊಂಡೆ," ಅಂದರು.

"ಎಲ್ಲಿಡ್ತೀರಿ?" ಅಂದೆ. ಬೇರೇನು ಕೇಳಬೇಕೋ ನನಗೆ ಹೊಳೆಯಲಿಲ್ಲ.

"ಇಲ್ಲೇ. ಶೆಡ್ಡಲ್ಲಿ."

ನೌಕಾಪಡೆಯಲ್ಲಿ ಅವರ ಜೊತೆಗಿದ್ದ ಸ್ನೇಹಿತರೊಬ್ಬರು ಕಣ್ಣೂರಿನ ಕಡೆ ಇದ್ದಾರೆ. ಇಬ್ಬರೂ ಸೇರಿ ದೋಣಿಯನ್ನು ರಿಪೇರಿ ಮಾಡಿ, ಮಳೆಗಾಲ ಮುಗಿದ ಮೇಲೆ ಮಂಗಳೂರಿನಿಂದ ಹೊರಟು, ದಂಡೆಯನ್ನು ಎಡಕ್ಕಿಟ್ಟುಕೊಂಡು ಕನ್ಯಾಕುಮಾರಿಯವರೆಗೆ ಹೋಗುವುದು ಅಂತ ಮಾತಾಡಿಕೊಂಡಿದ್ದರು. ಮಂಗಳೂರಿನಲ್ಲೇ ಇಟ್ಟರೆ ತಿಂಗಳಿಗೊಮ್ಮೆ ಹೋಗಿ ನೋಡಿ ಬರುವುದಷ್ಟೇ ಆಗುತ್ತದೆ, ಇಲ್ಲಿದ್ದರೆ ದಿನಾ ಕೈ ಹಚ್ಚಬಹುದು ಅನ್ನುವುದು ಅವರ ಲೆಕ್ಕ. ನಾವು ಹೊಗೆಸೊಪ್ಪು ಬಿಟ್ಟು ಶುಂಠಿ ಹಾಕಿದ್ದರಿಂದ ಸೊಪ್ಪು ಕಟ್ಟುವ ದೊಡ್ಡ ಶೆಡ್ಡು ಖಾಲಿ ಬಿದ್ದಿತ್ತು. ಸೊಪ್ಪಿಗೆ ಬೆಂಕಿಯ ಬಿಸಿ ಕೊಟ್ಟು ಒಣಗಿಸುವ ಪಕ್ಕದ ಬ್ಯಾರನ್ನಿನಲ್ಲಿ ಮಾತ್ರ ನನ್ನ ಭಾವ, ಅಂದರೆ ಇವರ ಅಣ್ಣ, ಇನ್ನೂ ಸೊಪ್ಪು ಬೇಯಿಸುತ್ತಿದ್ದರು.

ದೋಣಿ ತಗ್ಗು ಟ್ರೇಲರಿನ ಮೇಲೆ ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಬೈಲಕುಪ್ಪೆ ದಾಟಿ ಬಂತು. ಪಿರಿಯಾಪಟ್ಟಣದಿಂದ ಈಚೆಗೆ ಕರೆಂಟು ತಂತಿಗಳು ಕೆಳಗೆ ಜೋತಿದ್ದ ಕಡೆಯೆಲ್ಲ ಇಬ್ಬರು ಬಿದಿರು ಗಳದಿಂದ ತಂತಿ ಎತ್ತಿ ಹಿಡಿದು ದಾರಿ ಮಾಡಿದರು. ಊರಿನ ರಸ್ತೆಯಲ್ಲಿ ನಿಂತಾಗ ಅದು ಮನೆಯ ಮಾಡಿಗಿಂತ ಎತ್ತರವಾಗಿತ್ತು. ನೀರಿನ ಮೇಲೆ ಕಾಣುವ ಭಾಗಕ್ಕಿಂತ ಕೆಳಗೆ ಮುಳುಗಿರುವ ಭಾಗವೇ ದೊಡ್ಡದು ಅನ್ನುವುದು ನನಗೆ ಅಂದು ಗೊತ್ತಾಯಿತು. ಹಾಯಿಕಂಬವನ್ನು ಕಳಚಿ ಮೇಲೆ ಕಟ್ಟಿದ್ದರು.

ಎದುರು ಮನೆಯ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಇದೇನವ್ವಾ, ಇಮಾನವಾ?" ಅಂತ ಕೇಳಿದಳು.

"ದೋಣಿ ಕಣಜ್ಜಿ."

"ನಮ್ಮ ಕೆರೆಗಾ?"

ಭಾವ ಬೀಡಿ ಎಸೆದು ಹತ್ತಿರ ಬಂದರು. ತಮ್ಮನಿಗೆ ಅಂದಿದ್ದು ಇಷ್ಟೇ: "ನಿಂಗೆ ಏನಾಗಯ್ತಲಾ?" ಆದರೆ ಶೆಡ್ಡಿನ ಒಂದು ಮಗ್ಗುಲಿನ ಶೀಟುಗಳನ್ನು ಬಿಚ್ಚಲು ಏಣಿ ತಂದುಕೊಟ್ಟವರೂ ಅವರೇ. ಹುಣಸೂರಿನಿಂದ ಕ್ರೇನು ಬಂದು ದೋಣಿಯನ್ನು ಇಳಿಸಿ, ಸುತ್ತ ಮರದ ಆನಿಕೆ ಕೊಟ್ಟು ನಿಲ್ಲಿಸಿ ಹೋಯಿತು.

ಮೊದಲ ಕೆಲವು ತಿಂಗಳು ಬಿಚ್ಚುವ ಕೆಲಸವೇ. ಮೆತ್ತೆ, ವೈರು, ಕೊಳವೆ, ತುಕ್ಕು ಹಿಡಿದ ಒಲೆ, ಎಲ್ಲ ಅಂಗಳಕ್ಕೆ ಬಂದವು. ಕೆಳಭಾಗದ ಹಳೆ ಬಣ್ಣ ಕೆರೆದಾಗ ಫೈಬರಿನ ಮೇಲೆ ಸುಟ್ಟ ಗಾಯದಂತೆ ಬೊಕ್ಕೆಗಳು ಕಂಡವು. ಒಂದೊಂದನ್ನೂ ಒಡೆದು, ಉಜ್ಜಿ, ಒಣಗಲು ಬಿಟ್ಟು, ಆಮೇಲೆ ಮೆತ್ತಬೇಕು. ಹಾಯಿಕಂಬದ ಭಾರ ಹೊರುವ ಒಳಗಿನ ಅಡ್ಡಗೋಡೆಯ ಬುಡ ಪೂರ್ತಿ ಮೆತ್ತಗಾಗಿತ್ತು. ಇವರು ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಆಗ ಅವರ ಬಾಯಿಂದ ಬಂದ ಹಿಂದಿ ಬೈಗುಳ ನಾನು ಅದುವರೆಗೆ ಕೇಳಿರದದ್ದು.

ನಾನು ಕಾಫಿ ತೆಗೆದುಕೊಂಡು ಹೋದಾಗಲೆಲ್ಲ ಸ್ವಲ್ಪ ಹೊತ್ತು ನಿಂತು ನೋಡುತ್ತಿದ್ದೆ. ಬ್ಯಾಂಕಿಗೆ ಹೋಗುವ ಗಂಡ ನನಗೆ ಗೊತ್ತಿದ್ದರು: ಟಿಫಿನ್ ಡಬ್ಬಿ, ಇಸ್ತ್ರಿಯಾದ ಷರ್ಟು, ಸಂಜೆ ಪೇಪರು. ಇಲ್ಲಿ ದೋಣಿಯ ಹೊಟ್ಟೆಯೊಳಗೆ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಕಾಣದ ಜಾಗದಲ್ಲಿ ಕೈ ತೂರಿಸಿ ನಟ್ಟು ಬಿಚ್ಚುವವರು ಬೇರೆ ಯಾರೋ ಅನಿಸುತ್ತಿತ್ತು. ಅವರನ್ನು ಅವರ ಕೆಲಸದಲ್ಲಿ ನಾನು ಅದುವರೆಗೂ ನೋಡಿರಲಿಲ್ಲ. ಇದರಿಂದ ಸಂತೋಷವಾಯಿತು ಅಂತ ಹೇಳಲಾರೆ. ಇಷ್ಟು ಕಾಲ ಇದನ್ನೆಲ್ಲ ಎಲ್ಲಿಟ್ಟಿದ್ದರು ಅಂತ ಯೋಚನೆಯಾಯಿತು.

ಮರಗೆಲಸಕ್ಕೆ ಹುಣಸೂರಿನ ಆಚಾರಿಯೊಬ್ಬರು ಬಂದರು. ಬಾಗಿಲು, ಮಂಚ ಮಾಡುವವರು. ದೋಣಿಯೊಳಗೆ ಇಳಿದು ಮಟ್ಟಗೋಲು ಇಟ್ಟು ನೋಡಿ, ಮೇಲೆ ಬಂದು, "ಒಂದು ಮೂಲೆನೂ ನೆಟ್ಟಗಿಲ್ವಲ್ಲ ಸ್ವಾಮಿ," ಅಂದರು. ಇವರು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೊಟ್ಟರು, ಅವರು ಅದರಂತೆ ಕೊಯ್ದರು. ಇಬ್ಬರೂ ತಪ್ಪು ಮಾಡಿದರು, ಇಬ್ಬರೂ ಜಗಳವಾಡಿದರು. ತೇಗದ ಹಲಗೆ ಸ್ವಲ್ಪ ಹಸಿಯಾಗಿದೆ ಅಂತ ಇವರು ಭಾವನನ್ನು ಒಪ್ಪಿಸಿ, ಖಾಲಿಯಿದ್ದಾಗ ಬ್ಯಾರನ್ನಿನಲ್ಲಿ ಸಣ್ಣ ಬೆಂಕಿ ಹಾಕಿ ಒಣಗಿಸಲು ಹೋದರು. ಬೆಂಕಿ ಜಾಸ್ತಿಯಾಗಿ ಒಳ್ಳೆಯ ಹಲಗೆಯೇ ಉದ್ದಕ್ಕೆ ಸೀಳಿತು.

"ಸೊಪ್ಪಿಗಾದ್ರೆ ನಾನು ಏಳ್ಕೊಡ್ತಿದ್ದೆ ಕಣ್ಲಾ. ಮರದ್ದು ನಂಗೇನು ಗೊತ್ತು, ಬುಡು," ಅಂದರು ಭಾವ. ಸೀಳಿದ ಹಲಗೆಯನ್ನು ಆಮೇಲೆ ನಾನು ಕೇಳಿ ತೆಗೆದುಕೊಂಡು, ದೋಣಿಯ ಅಡಿಗೆ ಜಾಗದಲ್ಲಿ ಡಬ್ಬಿಗಳು ಉರುಳದಂತೆ ತಡೆಪಟ್ಟಿ ಮಾಡಿಸಿದೆ. ಆ ಅಡಿಗೆ ಜಾಗ ನಮ್ಮ ದೇವರ ಗೂಡಿಗಿಂತ ತುಸು ದೊಡ್ಡದು.

ಹಾಯಿಗಳು ಹೊಲಿಗೆ ಬಿಟ್ಟಿದ್ದವು. ನನ್ನ ಮಷಿನ್ನಿನಲ್ಲಿ ಪ್ರಯತ್ನಪಟ್ಟೆ. ಎರಡು ಸೂಜಿ ಮುರಿದವು. ಬೈಲಕುಪ್ಪೆಯಲ್ಲಿ ಮಠಗಳಿಗೆ ಡೇರೆ ಹೊಲಿಯುವವರ ಹತ್ತಿರ ದಪ್ಪ ಬಟ್ಟೆಯ ಮಷಿನ್ ಇದೆ ಅಂತ ತಿಳಿದು, ಹಾಯಿಗಳನ್ನು ಜೀಪಿನಲ್ಲಿ ಹಾಕಿಕೊಂಡು ಹೋದೆವು. ಅಲ್ಲಿನ ಟಿಬೆಟನ್ ಹೆಂಗಸಿಗೆ ನನ್ನದೇ ವಯಸ್ಸು. ಇಲ್ಲೇ ಹುಟ್ಟಿದವಳು, ನನ್ನಷ್ಟೇ ಸಲೀಸಾಗಿ ಕನ್ನಡ ಮಾತಾಡುತ್ತಿದ್ದಳು. ಬಟ್ಟೆ ಬಿಡಿಸಿ ನೋಡಿ, "ಇದು ಯಾವ ಮಠದ್ದು?" ಅಂದಳು. ಅದು ಡೇರೆಯಲ್ಲ ಅಂತ ತಿಳಿದ ಮೇಲೆ ನಕ್ಕಳು. ಅವಳು ಹೊಲಿದಳು, ನಾನು ಎದುರಿಗೆ ಕೂತು ಬಟ್ಟೆಯ ಭಾರ ಹಿಡಿದುಕೊಂಡೆ. ಹಾಗೆ ಒಂದು ವಾರದ ಮಟ್ಟಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ.

"ನೀವೂ ಹೋಗ್ತೀರಾ ಸಮುದ್ರಕ್ಕೆ?" ಅಂತ ಒಂದು ಮಧ್ಯಾಹ್ನ ಕೇಳಿದಳು.

"ಇಲ್ಲ. ಅವರು, ಅವರ ಸ್ನೇಹಿತರು."

"ನಾನಾದ್ರೆ ಹೋಗ್ತಿದ್ದೆ. ಸಮುದ್ರ ನೋಡೇ ಇಲ್ಲ ನಾನು," ಅಂದಳು.

ಮಳೆ ನಿಲ್ಲುವ ಹೊತ್ತಿಗೆ ದೋಣಿಗೆ ಬಿಳಿ ಬಣ್ಣ ಬಂದಿತ್ತು. ಟ್ರ್ಯಾಕ್ಟರ್ ಮೆಕ್ಯಾನಿಕ್ ಬಂದು ಸಣ್ಣ ಡೀಸೆಲ್ ಎಂಜಿನ್ನನ್ನು ಡ್ರಮ್ಮಿನ ನೀರು ಕೊಟ್ಟು ಓಡಿಸಿ ತೋರಿಸಿದ. ಆ ವಾರವೇ ಕಣ್ಣೂರಿನಿಂದ ಫೋನು. ಸ್ನೇಹಿತರಿಗೆ ಎದೆನೋವು ಬಂದು ಆಪರೇಷನ್ ಆಗಿತ್ತು. ಜೀವಕ್ಕೆ ತೊಂದರೆಯಿಲ್ಲ, ಆದರೆ ಹಗ್ಗ ಎಳೆಯುವ ಕೆಲಸ ಇನ್ನು ಸಾಧ್ಯವಿಲ್ಲ. ಇವರು ಅಂಗಳದಲ್ಲೇ ನಿಂತು ಹಿಂದಿಯಲ್ಲಿ ತುಂಬ ಹೊತ್ತು ಮಾತಾಡಿದರು. ಆಮೇಲೆ ದೋಣಿಗೆ ಟಾರ್ಪಾಲು ಮುಚ್ಚಿ, ಶುಂಠಿ ಹೊಲದ ಕಡೆ ಹೋದರು. ಬೇರೆ ಯಾರನ್ನಾದರೂ ಕರೆಯಿರಿ ಅಂದರೆ, "ಯಾರೋ ಆಗಲ್ಲ ಅದಕ್ಕೆ," ಅನ್ನುತ್ತಿದ್ದರು. ದೀಪಾವಳಿ ಕಳೆದರೂ ಟಾರ್ಪಾಲು ತೆಗೆಯಲಿಲ್ಲ. ಶೆಡ್ಡಿನ ಕಡೆಯ ಬಾಗಿಲಿನಿಂದ ಓಡಾಡುವುದನ್ನೂ ಬಿಟ್ಟರು.

ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, "ನಾನು ಬರ್ತೀನಿ," ಅಂದೆ.

"ಎಲ್ಲಿಗೆ?"

"ಕನ್ಯಾಕುಮಾರಿಗೆ."

ಅವರು ನಗಲಿಲ್ಲ. "ನಿಂಗೆ ಈಜು ಬರಲ್ಲ ಕಣೇ," ಅಂದರು.

"ಬರಲ್ಲ ಅಂತ ಯಾರು ಹೇಳಿದ್ದು?"

ನನ್ನ ತವರು ಕೆ.ಆರ್. ನಗರದ ಕಡೆ, ಕಾವೇರಿ ದಂಡೆಯ ಊರು. ದೊಡ್ಡವಳಾಗುವ ತನಕ ಅಣ್ಣಂದಿರ ಜೊತೆ ದಿನಾ ನದಿಗೆ ಬೀಳುತ್ತಿದ್ದೆ. ಆಮೇಲೆ ಅಮ್ಮ ಬಿಡಲಿಲ್ಲ. ಇದನ್ನು ಅವರಿಗೆ ಹೇಳುವ ಸಂದರ್ಭವೇ ಬಂದಿರಲಿಲ್ಲ, ಅವರೂ ಕೇಳಿರಲಿಲ್ಲ. ಮುಂದಿನ ಭಾನುವಾರ ತವರಿಗೆ ಕರೆದುಕೊಂಡು ಹೋದರು. ನೈಟಿಯ ಮೇಲೆ ಅಣ್ಣನ ಹಳೆ ಷರ್ಟು ಹಾಕಿಕೊಂಡು ನೀರಿಗಿಳಿದೆ. ಮೊದಲು ಉಸಿರು ಸಿಕ್ಕಿಕೊಂಡಿತು. ಆಮೇಲೆ ಕೈಕಾಲು ತಾವಾಗಿ ಆಡಿದವು. ಆಚೆಯ ಬಂಡೆ ಮುಟ್ಟಿ ವಾಪಸ್ ಬಂದಾಗ ಇವರು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದರು, ಪ್ಯಾಂಟೂ ತೆಗೆಯದೆ.

"ಸರಿ," ಅಂದರು. ಮಾರನೆಯ ದಿನ ಟಾರ್ಪಾಲು ತೆಗೆದರು.

ಎಚ್.ಡಿ. ಕೋಟೆಯಲ್ಲಿರುವ ಮಗಳು ಫೋನಿನಲ್ಲಿ ಕೂಗಾಡಿದಳು. "ಅಪ್ಪಂಗೆ ಬುದ್ಧಿ ಇಲ್ಲ ಅಂದ್ರೆ ನಿಂಗೂ ಇಲ್ವಾ ಅಮ್ಮ?" ಆಮೇಲೆ ಗಂಡನ ಜೊತೆ ಬಂದು ಎರಡು ಲೈಫ್ ಜಾಕೆಟ್ ಕೊಟ್ಟು ಹೋದಳು. ಭಾವ ನನ್ನನ್ನು ಏನೂ ಕೇಳಲಿಲ್ಲ. ತಮ್ಮನಿಗೆ ಮಾತ್ರ, "ಉಸಾರಾಗಿ ಕರ್ಕೊಂಡೋಗು," ಅಂದರು.

ದೋಣಿ ಬಂದ ದಾರಿಯಲ್ಲೇ ಘಾಟಿ ಇಳಿಯಿತು. ಮಂಗಳೂರಿನ ಬಂದರಿನಲ್ಲಿ ಕ್ರೇನಿನಿಂದ ನೀರಿಗಿಳಿಸಿ ಹಾಯಿಕಂಬ ನಿಲ್ಲಿಸಿದರು. ಇಳಿಸಿದ ಕೂಡಲೇ ಹಿಂಭಾಗದಲ್ಲಿ, ಪ್ರೊಪೆಲ್ಲರಿನ ದಂಡ ಹೊರಗೆ ಹೋಗುವ ಕಡೆ, ನೀರು ಜಿನುಗಿತು. ಇವರು ಗಾಬರಿಯಾಗದೆ ಬಿಗಿ ಮಾಡಿದರು. ನಾನು ಗಾಬರಿಯಾದೆ, ಆದರೆ ತೋರಿಸಲಿಲ್ಲ.

ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನ ಕಡೆಯಿಂದ. ಸಂಜೆಗೆ ಯಾವುದಾದರೂ ಅಳಿವೆ ಅಥವಾ ಬಂದರು ಸೇರಿ ನಿಲ್ಲುತ್ತಿದ್ದೆವು. ಕಾಸರಗೋಡಿನವರೆಗೆ ನಾನು ವಾಂತಿ ಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಆಮೇಲೆ ವಾಂತಿ ನಿಂತಿತು. ಮುದ್ದೆ ತೊಳಸುವುದು ಅಲುಗಾಡುವ ದೋಣಿಯಲ್ಲಿ ಆಗದ ಕೆಲಸ ಅಂತ ಗೊತ್ತಾಗಿ, ಅನ್ನಕ್ಕೆ ಇಳಿದೆವು. ಒಂದು ಬೆಳಿಗ್ಗೆ ಪಕ್ಕದಲ್ಲಿ ಹಾದ ಮೀನುಗಾರರು ನಮ್ಮನ್ನು ನೋಡಿ ಕೈಯೆತ್ತಿ, ಒಂದಷ್ಟು ಬಂಗುಡೆ ಮೀನು ಎಸೆದು ಹೋದರು. ನಮ್ಮದು ಲಿಂಗಾಯತರ ಮನೆ, ಮೊಟ್ಟೆಯೂ ಒಳಗೆ ಬಂದಿಲ್ಲ. ಇವರು ಚಾಕು ತೆಗೆದುಕೊಂಡು ಸಲೀಸಾಗಿ ಮೀನು ಸೀಳಿ ತೊಳೆಯತೊಡಗಿದರು.

"ತಿಂತೀರಾ?"

"ಹಡಗಲ್ಲಿ ತಿಂತಿದ್ದೆ," ಅಂದರು, ತಲೆಯೆತ್ತದೆ.

"ಬೇರೆ ಬಾಣಲೆ ತಗೊಳ್ಳಿ," ಅಂದೆ. ನನಗೆ ಸಿಟ್ಟು ಬರಲಿಲ್ಲ. ಆ ವಾಸನೆಗೆ ನಾನು ದೋಣಿಯ ಮೂತಿಯ ಕಡೆ ಹೋಗಿ ಕೂತೆ, ಅಷ್ಟೆ.

ಸಿಟ್ಟು ಬಂದದ್ದು ಏಳಿಮಲೆ ಗುಡ್ಡ ಕಾಣುವ ಕಡೆ. ಗಾಳಿ ಏಕಾಏಕಿ ಏರಿ ದೋಣಿ ವಾಲಿತು. ಇವರು "ಛೋಡ್! ಛೋಡ್ ದೋ!" ಅಂತ ಕಿರುಚಿದರು. ಯಾವ ಹಗ್ಗ ಬಿಡಬೇಕೋ ತಿಳಿಯದೆ ನಾನು ಇನ್ನೂ ಗಟ್ಟಿಯಾಗಿ ಹಿಡಿದೆ. ಅವರೇ ಹಾರಿ ಬಂದು ಕಿತ್ತುಕೊಂಡರು. ನನ್ನ ಅಂಗೈ ಸುಲಿಯಿತು. ಗಾಳಿ ತಗ್ಗಿದ ಮೇಲೆ ನಾನು ಮಾತು ಬಿಟ್ಟೆ. ಸಂಜೆ ಲಂಗರು ಹಾಕಿ, ಕೈಗೆ ಅರಿಶಿನ ಹಚ್ಚುತ್ತಾ ಅವರೇ, "ಅಲ್ಲಿ ಹಂಗೇ ಕೂಗೋದು. ಅಭ್ಯಾಸ," ಅಂದರು.

"ನಾನು ನಿಮ್ಮ ಜೂನಿಯರ್ ಅಲ್ಲ. ಕನ್ನಡದಲ್ಲಿ ಹೇಳಿ. ಯಾವ ಹಗ್ಗ ಅಂತಾನೂ ಹೇಳಿ."

ಮರುದಿನದಿಂದ ಹಗ್ಗಗಳಿಗೆ ಕನ್ನಡದಲ್ಲಿ ಹೆಸರಿಟ್ಟೆವು: ದೊಡ್ಡ ಹಗ್ಗ, ಎಡಹಗ್ಗ, ಬಲಹಗ್ಗ, ಎತ್ತೋ ಹಗ್ಗ. ಆಮೇಲೆ ಕೆಲಸ ಸಲೀಸಾಯಿತು. ಚುಕ್ಕಾಣಿ ನನ್ನ ಕೈಗೆ ಬಂದದ್ದೂ ಆಮೇಲೆಯೇ.

ಕಣ್ಣೂರಿನ ಹತ್ತಿರದ ಬಂದರಿಗೆ ಸ್ನೇಹಿತರು ಮಗನ ಕಾರಿನಲ್ಲಿ ಬಂದರು. ತುಂಬ ಸೊರಗಿದ್ದರು. ದೋಣಿಗೆ ಹತ್ತಲು ಡಾಕ್ಟರು ಬೇಡ ಅಂದಿದ್ದರಂತೆ, ಆದರೂ ಹತ್ತಿದರು. ಒಳಗೆಲ್ಲ ನೋಡಿ, ಹಾಯಿಯ ಹೊಲಿಗೆ ಮುಟ್ಟಿ, "ಚೇಚಿ, ಇದ್ ನೀವ್ ಹೊಲಿದಾ?" ಅಂದರು, ನನ್ನನ್ನು ಮಲಯಾಳದಲ್ಲಿ ಅಕ್ಕ ಅಂತ ಕರೆದು, ಬಂದಷ್ಟು ಕನ್ನಡದಲ್ಲಿ. ಬೈಲಕುಪ್ಪೆಯ ಹೆಂಗಸಿನ ವಿಷಯ ಹೇಳಿದೆ. ಇಳಿಯುವಾಗ ಇವರಿಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ನಿಂತರು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ.

ಬೇಪೂರು ದಾಟಿ ಕೊಚ್ಚಿ ತಲುಪಿದೆವು. ಕೊಚ್ಚಿಯಲ್ಲಿ ಎರಡು ದಿನ ನಿಂತು ನೀರು, ಡೀಸೆಲ್ ತುಂಬಿಸಿ ಮುಂದೆ ಹೋಗುವುದು ಅಂತ ಇತ್ತು. ಎರಡನೆಯ ದಿನ ಇವರು ದೋಣಿಯ ಅಂಚಿನಲ್ಲಿ ಕೂತು, "ಸಾಕು ಕಣೇ," ಅಂದರು.

"ಯಾಕೆ? ಸೊಂಟ ನೋವಾ?"

"ನೋವೇನಿಲ್ಲ. ನೋಡ್ಬೇಕು ಅನ್ಸಿದ್ದು ನೋಡಾಯ್ತು."

ನನಗೆ ಆದ ನಿರಾಸೆ ನನಗೇ ಹೊಸದು. ಗಾಳಿ ಚೆನ್ನಾಗಿತ್ತು, ದೋಣಿ ಚೆನ್ನಾಗಿತ್ತು, ನನಗೆ ಹಗ್ಗಗಳು ಗೊತ್ತಾಗಿದ್ದವು. ಕೊಲ್ಲಂವರೆಗಾದರೂ ಹೋಗೋಣ ಅಂದೆ. ಅವರು ತಲೆಯಾಡಿಸಿದರು. ನಾನು ಒಬ್ಬಳೇ ಪೇಟೆಗೆ ಹೋಗಿ, ಕಾಫಿ ಕುಡಿದು, ಬೇಕಿಲ್ಲದ ಸೋಪು ಕೊಂಡು ವಾಪಸ್ ಬಂದೆ. ದೋಣಿಯನ್ನು ಅಲ್ಲಿನ ಒಂದು ಯಾರ್ಡಿನಲ್ಲಿ ಬಿಟ್ಟು ಬಸ್ಸಿನಲ್ಲಿ ಊರಿಗೆ ಬಂದೆವು.

ಭಾವ ಜಗಲಿಯಲ್ಲಿದ್ದರು. "ಕನ್ಯಾಕುಮಾರಿ ನೋಡುದ್ರಾ?"

"ಇಲ್ಲ. ನಾನು ಸಾಕು ಅಂದೆ. ಇವಳು ಓಗಣ ಅಂದ್ಲು," ಅಂದರು ಇವರು, ಮುಚ್ಚುಮರೆಯಿಲ್ಲದೆ.

ಭಾವ ನನ್ನ ಕಡೆ ತಿರುಗಿ, "ನೀನಾ?" ಅಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ನೇರವಾಗಿ ಪ್ರಶ್ನೆ ಕೇಳಿದ್ದು ಅಪರೂಪ. ಹೌದು ಅಂದೆ. ಸಮುದ್ರದಲ್ಲಿ ಹೇಗಿರುತ್ತದೆ ಅಂತ ಕೇಳಿದರು. ನಾನು ಬ್ಯಾಗು ಕೆಳಗಿಟ್ಟು, ಜಗಲಿಯಲ್ಲೇ ಕೂತು, ಮಂಗಳೂರಿನಿಂದ ಶುರುಮಾಡಿ ಹೇಳಿದೆ. ಇವರು ಮಧ್ಯೆ ಬಾಯಿ ಹಾಕಲಿಲ್ಲ.

ಈಗ ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಕೊಚ್ಚಿಗೆ ಹೋಗುತ್ತೇವೆ. ದೋಣಿಯ ತಳ ಕೆರೆದು ಬಣ್ಣ ಹೊಡೆಯುತ್ತೇವೆ, ಹಿನ್ನೀರಿನಲ್ಲಿ ಒಂದಷ್ಟು ದಿನ ಇರುತ್ತೇವೆ. ಎಂಜಿನ್ನಿನ ಆಯಿಲ್ ಬದಲಾಯಿಸುವುದು ನನ್ನ ಕೆಲಸವಾಗಿದೆ. ಹೋದ ಸಲ ಅಳಿವೆಯ ಬಾಯಿಯವರೆಗೆ ಹೋಗಿ, ಹೊರಗಿನ ಅಲೆಗಳಲ್ಲಿ ಸ್ವಲ್ಪ ದೂರ ದಕ್ಷಿಣಕ್ಕೆ ನಡೆಸಿದೆ. ಇವರು ಚಹಾ ಮಾಡಲು ಒಳಗಿಳಿದಿದ್ದರು. ಹೊರಗೆ ಬಂದು ದಂಡೆ ನೋಡಿ, ಎಲ್ಲಿದ್ದೇವೆ ಅಂತ ತಿಳಿದು, ಲೋಟ ನನ್ನ ಕೈಗೆ ಕೊಟ್ಟು ಕೂತರು. ತಿರುಗಿಸು ಅನ್ನಲಿಲ್ಲ. ಚಹಾ ಮುಗಿದ ಮೇಲೆ ನಾನೇ ತಿರುಗಿಸಿದೆ.