ಅಕ್ಕತಂಗಿಯರನ್ನು ಕೇಳಿ ಬರೆದ ಮೇಷ್ಟ್ರು

ನನಗೆ ಆಗ ಮೂವತ್ತೊಂದು ವರ್ಷ. ಅದಾಗಿ ನಲವತ್ತು ವರ್ಷ ದಾಟಿದೆ. ಮೇಷ್ಟ್ರ ಬಲಗಾಲಿನ ಪ್ಯಾಂಟಿಗೆ, ಹಿಮ್ಮಡಿಯಿಂದ ಒಂದು ಗೇಣು ಮೇಲೆ, ಸೈಕಲ್ ಟ್ಯೂಬು ಕತ್ತರಿಸಿದ ಕಪ್ಪು ರಬ್ಬರು ಬಿಗಿದಿರುತ್ತಿತ್ತು. ಪ್ಯಾಂಟು ಚೈನಿಗೆ ಸಿಗಬಾರದು ಅಂತ. ಸೈಕಲ್ ಇಳಿದ ಮೇಲೆ ಅದನ್ನು ತೆಗೆಯಲು ಮರೆಯುತ್ತಿದ್ದರು. ಒಂದು ಕಾಲು ಕೊಕ್ಕರೆಯದು, ಇನ್ನೊಂದು ಆನೆಯದು. ಹಾಗೇ ಬೋರ್ಡಿನ ಮುಂದೆ ನಿಂತು ಲೆಕ್ಕ ಹೇಳುತ್ತಿದ್ದರಂತೆ.

ಗುಬ್ಬಿಯಲ್ಲಿ ನಮ್ಮ ಎದುರು ಮನೆ ಅವರದು. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನನ್ನ ಗಂಡ ಗಾರೆ ಕೆಲಸಕ್ಕೆ ಮಸ್ಕತ್ತಿಗೆ ಹೋಗಿದ್ದ. ನಾನು ಓದಿದ್ದು ಮೂರನೇ ಕ್ಲಾಸು. ಅಚ್ಚಿನ ಅಕ್ಷರ ಕೂಡಿಸಿ ಓದುತ್ತೇನೆ, ನನ್ನ ಗಂಡನ ಕೈಬರಹ ಮಾತ್ರ ಕೋಳಿ ಕೆದರಿದ ಹಾಗೆ. ಕಾಗದ ಬಂದರೆ ಭಾನುವಾರ ಮಧ್ಯಾಹ್ನ ಮೇಷ್ಟ್ರ ಜಗಲಿಗೆ ಒಯ್ಯುತ್ತಿದ್ದೆ. ಅವರು ಮೆಲ್ಲಗೆ ಓದುತ್ತಿದ್ದರು, ಗಂಡ ಹೆಂಡಿರ ಮಾತು ಬಂದ ಕಡೆ ಕೆಮ್ಮಿ, "ಇಲ್ಲಿ ಆರೋಗ್ಯ ವಿಚಾರಿಸಿದಾರೆ" ಅಂದು ಮುಂದಕ್ಕೆ ಹೋಗುತ್ತಿದ್ದರು. ಓದಿದ್ದನ್ನು ಹೆಂಡತಿಗೂ ಹೇಳಿದವರಲ್ಲ.

ಒಂದು ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಯಾವುದೋ ಕಚೇರಿಯವರು, ದೇಶ ಬಿಟ್ಟು ಹೋದವರು ಎಷ್ಟು ಜನ ಅಂತ ಲೆಕ್ಕ ತೆಗೆಯಲು ಇವರನ್ನು ಗೊತ್ತು ಮಾಡಿದರು. ಗುಬ್ಬಿ, ಕುಣಿಗಲ್, ತುಮಕೂರು ಮೂರೂ ಇವರ ಪಾಲಿಗೆ. ಮೇಷ್ಟ್ರಿಗೆ ಅದು ಬರೀ ರಜೆಯ ಕೆಲಸವಾಗಿರಲಿಲ್ಲ. ಅವರ ಅಣ್ಣ ಹರೆಯದಲ್ಲಿ ಹಡಗು ಹತ್ತಿ ಸಿಂಗಪುರಕ್ಕೆ ಹೋದವನು ಬರಲೇ ಇಲ್ಲ. ಹೋದ ಅನ್ನುವುದಕ್ಕೆ ಯಾವ ಕಚೇರಿಯಲ್ಲೂ ಒಂದು ಚೀಟಿ ಇರಲಿಲ್ಲ. "ನಮ್ಮಮ್ಮ ಸಾಯೋವರೆಗೂ ಗಣತಿಯೋರಿಗೆ ಅವನನ್ನ ಮನೇಲೇ ಇದಾನೆ ಅಂತ ಬರೆಸೋರು ಕಣಮ್ಮ. ಇರೋನನ್ನ ಯಾರು ಹುಡುಕ್ತಾರೆ?" ಅಂದಿದ್ದರು ನನ್ನ ಹತ್ತಿರ ಒಂದು ಸಲ.

ನಮ್ಮ ಮನೆಗೂ ಬಂದರು. ಜಗಲಿ ಮೇಲೆ ಕೂತು ಹಾಳೆ ಬಿಚ್ಚಿದರು.

"ಈ ಮನೆಯಿಂದ ಯಾರಾದ್ರೂ ಹೊರದೇಶಕ್ಕೆ ಹೋಗಿದಾರೇನಮ್ಮ?"

"ಯಾರೂ ಇಲ್ಲ ಸಾ."

"ಯಜಮಾನ್ರು?"

"ಇಲ್ಲೇ ಅವ್ರೆ. ಬೆಳ್ಳಾವಿಗೆ ಹೋಗವ್ರೆ, ಸಂಜೀಕ್ ಬತ್ತಾರೆ."

ಹಿಂದಿನ ಭಾನುವಾರವಷ್ಟೇ ಮಸ್ಕತ್ತಿನ ಕಾಗದ ಓದಿದ್ದ ಮನುಷ್ಯ ತಲೆಯೆತ್ತದೆ, "ಇಲ್ಲೇ ಇದ್ದಾರೆ" ಅಂತ ಬರೆದುಕೊಂಡರು. ನನಗೇ ತಡೆಯಲಾಗಲಿಲ್ಲ.

"ನಿಮ್ಗ್ ಗೊತ್ತಲ್ಲ ಸಾ, ಮತ್ ಯಾಕ್ ಕೇಳ್ತೀರ?"

"ಕಾಗದ ಓದಿದ್ದು ಎದುರು ಮನೆಯೋನು. ಈಗ ಬರ್ಕೋತಿರೋನು ಬೇರೆ. ನೀವು ಬಾಯಲ್ಲಿ ಹೇಳಿದ್ದಷ್ಟೇ ಇವನಿಗೆ."

ನಾನು ಸುಳ್ಳು ಹೇಳಿದ್ದು ರೇಷನ್ ಕಾರ್ಡಿಗೆ. ಊರಲ್ಲಿಲ್ಲ ಅಂದರೆ ಹೆಸರು ಹೊಡೆದು ಹಾಕುತ್ತಾರೆ, ಅಕ್ಕಿ ಸಕ್ಕರೆ ಕಡಿಮೆಯಾಗುತ್ತದೆ. ನಮ್ಮ ಬೀದಿಯಲ್ಲಿ ಐದು ಮನೆಯ ಗಂಡಸರು ಹೋಗಿದ್ದರು. ಐದು ಮನೆಯವರೂ ಇಲ್ಲೇ ಇದ್ದಾರೆ ಅಂತಲೇ ಬರೆಸಿದೆವು.

ಮೇಷ್ಟ್ರು ಬೈಯಲಿಲ್ಲ, ಬೇರೆ ದಾರಿ ಹುಡುಕಿದರು. ಮನೆಯವರನ್ನು ಬಿಟ್ಟು, ಮದುವೆಯಾಗಿ ಬೇರೆ ಊರು ಸೇರಿದ ಅಕ್ಕತಂಗಿಯರನ್ನು ಕೇಳತೊಡಗಿದರು. ನಿಮ್ಮ ತಾಯಿಗೆ ಎಷ್ಟು ಮಕ್ಕಳು, ಒಬ್ಬೊಬ್ಬರು ಎಲ್ಲೆಲ್ಲಿದ್ದಾರೆ ಅಂತ. ತವರಿನ ರೇಷನ್ ಕಾರ್ಡು ಅವರಿಗೇಕೆ ಬೇಕು? ಬಾಯಿ ತುಂಬ ಹೇಳಿದರು. ಇಡೀ ಸಂಸಾರವೇ ಹೋಗಿ ಬೀಗ ಬಿದ್ದ ಮನೆಗಳ ಸುದ್ದಿಯೂ ಹಾಗೇ ಸಿಕ್ಕಿತು. ಕುಣಿಗಲ್ಲಿನಲ್ಲಿದ್ದ ನನ್ನ ನಾದಿನಿಯಂತೂ ಮೇಷ್ಟ್ರನ್ನು ಒಳಗೆ ಕರೆದು ಕೂರಿಸಿ, "ನಮ್ಮಣ್ಣ ಮಸ್ಕತ್ತಲ್ಲವ್ನೆ ಸಾ! ನೋಡಿ, ಈ ಸೀರೆ ಅವನೇ ಕಳ್ಸಿದ್ದು. ನಮ್ಮತ್ತಿಗೆಗೂ ಇಂಥದ್ ಕೊಟ್ಟಿಲ್ಲ" ಅಂದಳಂತೆ. ಸೀರೆ ವಿಷಯ ನನಗೆ ತಿಳಿದದ್ದೇ ಹಾಗೆ.

ಇನ್ನೊಬ್ಬ ನಾದಿನಿ ತುಮಕೂರಿನಲ್ಲಿ. ಅವಳೂ ಹೇಳಿದ್ದಳು. ನಾನು ಕೇಳಿದೆ, "ಇಬ್ರೂ ಹೇಳಿದ್ರೆ ಒಬ್ನೇ ಮನುಷ್ಯ ಇಬ್ರಾಗಲ್ವಾ ಸಾ?"

ಮೇಷ್ಟ್ರ ಮುಖ ಅರಳಿತು. "ನೋಡು ತಾಯಿ, ಬೆಂಗಳೂರೋರಿಗೆ ಇದು ಹೊಳೀಲಿಲ್ಲ. ಒಬ್ಬನಿಗೆ ಇಲ್ಲಿ ಎಷ್ಟು ಜನ ಅಕ್ಕತಂಗೀರಿದಾರೆ ಅಂತ ಕೇಳೋದು. ಇಬ್ಬರಿದ್ರೆ ಒಬ್ಬೊಬ್ಬರ ಹಾಳೇಲಿ ಅರ್ಧರ್ಧ ಬರೆಯೋದು."

"ಹಂಗಾರೆ ನಮ್ಮೋರು ಅರ್ಧ ಕುಣಿಗಲ್ಲಲ್ಲಿ, ಅರ್ಧ ತುಮಕೂರಲ್ಲಿ?"

"ಕೂಡಿದ್ರೆ ಪೂರ್ತಿ ಮನುಷ್ಯ."

"ಮನೇಲಿದ್ದಾಗ್ಲೇ ಪೂರ್ತಿ ಇರ್ಲಿಲ್ಲ ಬುಡಿ ಸಾ" ಅಂದೆ. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಅಕ್ಕತಂಗಿಯರ ಲೆಕ್ಕ ಒಂದು, ಮನೆಗಳ ಲೆಕ್ಕ ಇನ್ನೊಂದು. ಎರಡಕ್ಕೂ ತಾಳೆಯಾಗಲಿಲ್ಲ. ಮೇಷ್ಟ್ರು ಎರಡನ್ನೂ ಕಳಿಸಿ, ಅಕ್ಕತಂಗಿಯರದ್ದೇ ನಿಜ ಅಂತ ಬರೆದರು. ತಪಾಸಣೆಗೆ ಒಬ್ಬ ಆಫೀಸರು ಜೀಪಿನಲ್ಲಿ ಬಂದ. ಮೇಷ್ಟ್ರನ್ನೂ ಕರೆತಂದು ಮೊದಲು ನಮ್ಮ ಬಾಗಿಲಲ್ಲೇ ನಿಲ್ಲಿಸಿದ. ಬೀದಿಯ ಹೆಂಗಸರೆಲ್ಲ ಸೇರಿದರು.

"ನಿನ್ನ ಗಂಡ ಎಲ್ಲಮ್ಮ?"

ಜೀಪು ನೋಡಿ ನನಗೆ ರೇಷನ್ ಕಾರ್ಡು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ. "ಇಲ್ಲೇ ಅವ್ರೆ ಸಾಮಿ. ಕೆಲ್ಸಕ್ಕೋಗವ್ರೆ."

"ಮಸ್ಕತ್ತಲ್ಲಿದಾನೆ ಅಂತ ಇವರು ಬರೆದಿದಾರಲ್ಲ?"

"ನಮ್ಗೇನ್ ಗೊತ್ತು ಸಾಮಿ. ಅವ್ರು ಕೂತ್ಕಂಡ್ ಬರ್ಕಂಡವ್ರೆ."

ಇದು ನನ್ನ ಬಾಯಿಂದಲೇ ಬಂದ ಮಾತು. ಯಾರೂ ಹೇಳಿಕೊಟ್ಟದ್ದಲ್ಲ. ನಾನು ಹೇಳಿದ್ದನ್ನು ಕೇಳಿಸಿಕೊಂಡ ಉಳಿದ ನಾಲ್ಕು ಮನೆಯವರೂ ಅದನ್ನೇ ಹೇಳಿದರು.

ಆಫೀಸರು ಮೇಷ್ಟ್ರ ಕಡೆ ತಿರುಗಿದ. "ಏನ್ರೀ ಇದು? ಮನೇಲೂ ಇದಾನೆ, ಮಸ್ಕತ್ತಲ್ಲೂ ಇದಾನೆ. ದೇವರೇನ್ರಿ ಅವನು? ಅಲ್ಲಿರೋದಕ್ಕೆ ಏನಾದ್ರೂ ರುಜುವಾತಿದೆಯಾ?"

ಕಾಗದಗಳೆಲ್ಲ ನನ್ನ ಬೆನ್ನ ಹಿಂದೆ, ಗೂಡಿನಲ್ಲಿದ್ದ ರಾಗಿ ಡಬ್ಬದೊಳಗೆ ಇದ್ದವು. ಅದು ಮೇಷ್ಟ್ರಿಗೆ ಗೊತ್ತು. ನಾನು ಡಬ್ಬದಿಂದ ತೆಗೆಯುವುದನ್ನು ಎಷ್ಟೋ ಸಲ ಅವರ ಜಗಲಿಯಿಂದಲೇ ನೋಡಿದ್ದರು. ಅವರು ಒಳಗೆ ಕಣ್ಣು ಕೂಡ ಹಾಯಿಸಲಿಲ್ಲ. ಬಗ್ಗಿ ಕಾಲಿನ ರಬ್ಬರು ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಇಲ್ಲ ಸಾರ್" ಅಂದರು.

ಮನೆಯಲ್ಲಿ ಕೂತು ಸುಳ್ಳು ಲೆಕ್ಕ ಬರೆದರು ಅಂತ ಆ ಗಣತಿಯ ಕೆಲಸದಿಂದ ತೆಗೆದರು. ಅಕ್ಕತಂಗಿಯರ ಹಾಳೆಗಳನ್ನೆಲ್ಲ ರದ್ದು ಮಾಡಿದರು. ನಾವು ಐದು ಮನೆಯವರು ಸುಳ್ಳು ಹೇಳಿದ್ದಕ್ಕೆ ಮೂರು ಊರಿನಿಂದ ಹೋದವರೆಲ್ಲ ಯಾವ ಲೆಕ್ಕಕ್ಕೂ ಇಲ್ಲದೆ ಹೋದರು. ಊರಿನಲ್ಲಿ ಅವರಿಗೆ ಸುಳ್ಳು ಲೆಕ್ಕದ ಮೇಷ್ಟ್ರು ಅಂತ ಹೆಸರು ಬಿತ್ತು. ಮಕ್ಕಳು ಬೋರ್ಡಿನ ಮೇಲೂ ಬರೆದರು. ಲೆಕ್ಕವನ್ನೇ ನಂಬಿ ಬದುಕಿದವರಿಗೆ ಅದಕ್ಕಿಂತ ಅವಮಾನ ಇನ್ನೇನು ಬೇಕು.

ಮುಂದಿನ ಕಾಗದ ಬಂದಾಗ ಅವರ ಜಗಲಿ ಹತ್ತಲು ನನಗೆ ಮುಖವಿರಲಿಲ್ಲ. ಡಬ್ಬಕ್ಕೆ ಹಾಕಿದೆ. ಪೋಸ್ಟ್‌ಮ್ಯಾನ್ ಬಂದದ್ದನ್ನು ನೋಡಿದ್ದರೇನೋ, ಭಾನುವಾರ ಅವರೇ ಬಂದು, "ಕೊಡಿ, ಓದ್ತೀನಿ" ಅಂದರು. ಓದಿದರು. ಕೆಮ್ಮುವ ಕಡೆ ಕೆಮ್ಮಿದರು.

"ಮೇಷ್ಟ್ರೇ, ಅವತ್ತು..." ಅಂದೆ.

"ನಿಮ್ಮ ಹುಡುಗ್ರ ಚಪ್ಪಲಿ ಅಳತೆ ಕಳಿಸ್ಬೇಕಂತೆ, ಮರೀಬೇಡಿ" ಅಂದು ಎದ್ದು ಹೋದರು.

ಆಮೇಲೂ ಎಷ್ಟೋ ಭಾನುವಾರ ಬಂದವು. ನಾನು ಬಾಯಿ ಬಿಡಲಿಲ್ಲ. ಇನ್ನೊಂದು ಬೇಸಿಗೆ ಬರುವ ಮೊದಲೇ ಅವರು ಹೋದರು. ಸ್ಕೂಲಿಗೆ ಹೊರಟು ಸೈಕಲ್ಲಿಗೆ ಕೈ ಹಾಕಿದವರು ಅಲ್ಲೇ ಕುಸಿದರು. ಹೆಣ ಅಂಗಳದಲ್ಲಿತ್ತು. "ಒಳ್ಳೇ ಮನುಷ್ಯ ಕಣ್ರೀ. ಅದೊಂದ್ ಸುಳ್ಳು ಲೆಕ್ಕ ಬರೆದು ಕೆಟ್ರು" ಅಂದ ಯಾರೋ. ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಹೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ರೇಷನ್ ಕಾರ್ಡು, ರಾಗಿ ಡಬ್ಬದ ಕಾಗದಗಳು ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ತಾಲ್ಲೂಕು ಆಫೀಸಿಗೆ ಹೋದೆ. ಸಾಲಿನಲ್ಲಿ ನಿಂತೆ. ಗಂಡನ ಹೆಸರು ಹೊಡೆಯಿರಿ ಅಂದೆ. ಗುಮಾಸ್ತ ಸತ್ತನೇನಮ್ಮ ಅಂತ ಕೇಳಿದ.

"ಇಲ್ಲ. ಮಸ್ಕತ್ತಲ್ಲವ್ರೆ. ಮೂರ್ ವರ್ಷ ಆಯ್ತು."

ಅವನು ಗೀಟು ಎಳೆದು ಕಾರ್ಡು ವಾಪಸ್ಸು ಕೊಟ್ಟ. ನಾನು ಕಾಗದಗಳನ್ನು ಮುಂದಕ್ಕೆ ತಳ್ಳಿ, "ಮೇಷ್ಟ್ರು ಬರ್ದಿದ್ರಲ್ಲ ಸಾಮಿ, ಆ ಲೆಕ್ಕಕ್ಕೂ ಇದನ್ನ ಸೇರಿಸ್ಕೊಳ್ಳಿ" ಅಂದೆ.

"ಯಾವ ಲೆಕ್ಕಮ್ಮ?" ಅಂದವನು ಹಿಂದೆ ನಿಂತವರನ್ನು ಮುಂದಕ್ಕೆ ಕರೆದ.